ರಾಣಿಯ ಪಂಚಮಿ

ಎಪ್ಪತ್ತೆಂಟರ ಆಷಾಢ. ಬೆಳಗಾವಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರು ಬೀಡಿಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಬೆಂಚಿನ ಮೇಲೆಯೇ ನಮ್ಮೂರಿನ ವಯಸ್ಸಾದ ಶಿವಲಿಂಗವ್ವ ಮತ್ತು ಅವಳ ನೆರೆಮನೆಯ ಹುಡುಗಿ ರತ್ನಮಾಲಾ ಯಾವುದೋ ಮಾಯಾಲೋಕದ ಕಾದಂಬರಿಯ ಬಗ್ಗೆ ಮಾತಾಡುತ್ತಿದ್ದರು.

“ಕಡೀಕ ರಾಣಿ ಕಲ್ಲಾಗಿಬಿಡ್ತಾಳ ನೋಡ್ರಿ, ಕಾಕು. ನಾ ಅತ್ತಬಿಟ್ಟೆ.”

“ಎಲ್ಲಿ ಕಲ್ಲು? ಆಕಿ ಪಂಚಮಿಗೆ ತವರಮನಿಗೆ ಹೋಗ್ತಾಳಲ್ಲ!”

“ಏಳು ಸಮುದ್ರದ ಆಚಿ, ರಾಕ್ಷಸಿ ಗವಿಯೊಳಗ, ಎಲ್ಲಿ ಪಂಚಮಿರೀ?”

“ಖರೇನ ಐತಿ. ಅಣ್ಣ ಹದ್ದಿನ ಮ್ಯಾಲೆ ಕುಂತು ಕರಿಯಾಕ ಬರ್ತಾನ. ರಾಕ್ಷಸಿ ಮೊದಲ ಒಲ್ಲೆ ಅಂತಾಳ, ಆಮ್ಯಾಲೆ ಕಳಸ್ತಾಳ.”

“ಆಕಿಗೆ ಅಣ್ಣನ ಇಲ್ಲರೀ! ನೀವು ಬ್ಯಾರೆ ಪುಸ್ತಕ ಓದೀರಿ.”

“ನನಗೆಲ್ಲಿ ಓದಾಕ ಬರತೈತಿ? ನೀ ಕೊಟ್ಟ ಪುಸ್ತಕಾನ ದಿನಾ ಸಂಜೀಕ ನಮ್ಮ ಸೊಸಿ ಓದಿ ಹೇಳ್ತಾಳ.”

“ನಾ ಕೊಟ್ಟಿದ್ದರಾಗ ರಾಕ್ಷಸಿ ಆಕೀನ ಎಲ್ಲಿಗೂ ಕಳಸೂದಿಲ್ಲರಿ.”

ಬಸ್ಸು ಬಂದು ನಿಂತಿತು. ಶಿವಲಿಂಗವ್ವ ಎದ್ದಳು.

“ಹ್ವಾದ ವರ್ಷ ಅಣ್ಣ ಬಂದು ಬಾಗಲದಾಗ ನಿಂತಿದ್ದ. ನಾನ ಕಳಸಲಿಲ್ಲ.”

“ಯಾರ ಅಣ್ಣರೀ? ರಾಣಿ ಅಣ್ಣನಾ?”

ಶಿವಲಿಂಗವ್ವ ಚೀಲ ಎತ್ತಿಕೊಂಡು ಬಸ್ಸಿನತ್ತ ನಡೆದಳು. ಮೆಟ್ಟಿಲ ಮೇಲೆ ನಿಂತು ತಿರುಗಿದಳು.

“ಈ ಸಲ ಪಂಚಮಿ ಯಾವತ್ತ ಐತಿ, ರತ್ನಾ?”