ಕೊನೆಯ ಸಾಲಿನ ಕೆಜೈಯಾ

ನಗ್ತೀಯಲ್ಲ ಅಕ್ಕ! ಇದರಲ್ಲಿ ನಗೋಕೇನಿದೆ ಹೇಳು? ನೂರು ವರ್ಷದ ಹಿಂದೆ ಸತ್ತು ಮಣ್ಣಾದೋನ ಮೇಲೆ ಕೂಗಾಡ್ತಿದೀನಿ ಅಂತ ನಗು ಬಂತಾ? ಬರ್ಲಿ, ನಗು. ಆದ್ರೆ ಆ ಆಲೂಗಡ್ಡೆ, ಚಾಕು ಕೆಳಗಿಟ್ಟು ಮೊದಲು ಈ ಹಾಳೆ ನೋಡು. ಕನ್ನಡಕ ಹಾಕ್ಕೊ. ಅದಲ್ಲ ಕಣೇ, ಓದೋದು! ಹಾಂ... ಈಗ ನೋಡು.

ಸಾವಿರದ ಎಂಟುನೂರ ಅರವತ್ತೊಂದರ ಜನಗಣತಿ. ಇದೇ ಹೈ ಗಿಲ್ ಫಾರ್ಮು, ಇದೇ ಮನೆ, ನಾವಿಬ್ಬರೂ ಈಗ ಕೂತಿರೋ ಇದೇ ಅಡುಗೆಮನೆ. ಮೊದಲನೇ ಸಾಲು ಓದು. ಈನಾಕ್ ಲೇಜನ್‌ಬಿ, ಮನೆಯ ಯಜಮಾನ, ಮೂವತ್ತು ವರ್ಷ, ನೂರೈವತ್ತು ಎಕರೆ ರೈತ, ಮೂರು ಜನ ಆಳು ಇಟ್ಕೊಂಡಿದಾನೆ. ಅಪ್ಪನ ಮುತ್ತಜ್ಜ! ಚಾಪೆಲ್ಲಿನ ಗೋಡೆ ಮೇಲೆ ಹಿತ್ತಾಳೆ ಫಲಕ ಹಾಕಿಸ್ಕೊಂಡಿದಾನಲ್ಲ, ದೈವಭಕ್ತ, ದೀನಬಂಧು ಅಂತ, ಅದೇ ಮಹಾನುಭಾವ. ಕೆಳಗೆ ಅವನ ಹೆಂಡ್ತಿ. ಅದರ ಕೆಳಗೆ ಮೂರು ಹೆಣ್ಣುಮಕ್ಕಳು. ಆಮೇಲೆ ಆಳುಗಳು. ಕೊಟ್ಟಿಗೆಯವನು, ಉಳೋನು... ಇನ್ನೂ ಕೆಳಗೆ ಬಾ. ಕೊನೇ ಸಾಲು. ಓದು! ನಾನೇ ಓದ್ತೀನಿ ಬಿಡು.

ಕೆಜೈಯಾ ಲೇಜನ್‌ಬಿ. ಮದುವೆ ಇಲ್ಲ. ಮೂವತ್ನಾಲ್ಕು. ಬೆಣ್ಣೆ-ಚೀಸು ಮಾಡೋಳು. ಯಜಮಾನನಿಗೆ ಏನಾಗ್ಬೇಕು ಅನ್ನೋ ಕಡೆ... ಕೆಲಸದವಳು!

ಕೆಲಸದವಳಂತೆ! ಒಡಹುಟ್ಟಿದ ಅಕ್ಕ ಕಣೇ ಅವಳು! ಹತ್ತು ವರ್ಷದ ಹಿಂದಿನ ಗಣತೀಲಿ ಅವರಪ್ಪ ಬದುಕಿದ್ದಾಗ ಅದೇ ಕೆಜೈಯಾ 'ಮಗಳು'. ಅಪ್ಪ ಕಣ್ಮುಚ್ಚಿದ, ಗೇಣಿ ತಮ್ಮನ ಹೆಸರಿಗೆ ಬಂತು, ಅಕ್ಕ ಹೋಗಿ ಕೆಲಸದವಳಾದ್ಲು. ಏನು ತಿಂತಿದ್ನೋ ಹೊಟ್ಟೆಗೆ! ಅವನ ಬಾಯಿಗೆ ಮಣ್ಣು ಹಾಕ!

ನಾನು ಅವಳನ್ನ ಎಲ್ಲೆಲ್ಲಿ ಹುಡುಕಿದೆ ಗೊತ್ತಾ? ಮೂರು ಚಳಿಗಾಲ. ಎಲ್ಲೋ ಮದುವೆ ಆಗಿ ಹೋಗಿರ್ಬೇಕು ಅಂತ ಈ ಕಣಿವೆಯ ಮದುವೆ ದಾಖಲೆ ಎಲ್ಲಾ ಜಾಲಾಡಿದೆ. ಸತ್ತಿರ್ಬೇಕು ಅಂತ ಸ್ಮಶಾನದಲ್ಲಿ ಪಾಚಿ ಕೆರೆದು ಕೆರೆದು ಓದಿದೆ, ನೀನೇ ಬ್ರಷ್ ಹಿಡ್ಕೊಂಡು ಬಂದಿದ್ಯಲ್ಲ. ಎಲ್ಲೂ ಇಲ್ಲ. ಎಲ್ಲಿರ್ತಾಳೆ? ಮನೇಲೇ ಇದ್ಲು! ಮನೆಯವರ ಸಾಲು ಮುಗಿದ ಕೂಡ್ಲೆ ನಾನು ಪುಟ ತಿರುಗಿಸ್ತಿದ್ದೆ. ಆಳುಗಳ ಹೆಸರು ಕಟ್ಕೊಂಡು ನಮಗೇನು ಅಂತ. ಥೂ, ನನ್ನ ಕಣ್ಣಿಗಿಷ್ಟು...

ಇಲ್ಲ, ಗಣತಿಯವನ ತಪ್ಪಲ್ಲ. ಅವನ ಮೇಲೆ ಹಾಕ್ಬೇಡ. ಅವನು ಮನೆಮನೆಗೂ ಒಂದು ಹಾಳೆ ಕೊಟ್ಟು ಹೋಗ್ತಿದ್ದ, ತುಂಬಿಡೋದು ಯಜಮಾನ. ಈನಾಕನಿಗೆ ಅಕ್ಷರ ಬರ್ತಿತ್ತು. ಭಾನುವಾರ ಪ್ರಾರ್ಥನೆ ಮುಗಿಸಿ ಬಂದು, ಈ ಮೇಜಿನ ಮುಂದೆ ಕೂತು, ಮಸಿಯಲ್ಲಿ ಅದ್ದಿ ಬರೆದಿದಾನೆ. ಅವಳು ಇಲ್ಲೇ ಒಲೆ ಮುಂದೆ ನಿಂತಿದ್ಲೋ ಏನೋ! ಅವಳಿಗೆ ಓದೋಕೆ ಬರ್ತಿರ್ಲಿಲ್ಲ. ಅಕ್ಕ, ನಿನಗೆ ಮೈ ಉರಿಯಲ್ವಾ? ನಿನಗೇನು ರಕ್ತ ಇಲ್ವಾ ಮೈಯಲ್ಲಿ?

ಆಮೇಲೆ ಏನಾಯ್ತು ಅಂತೀಯಾ? ಏನಾಗ್ಬೇಕು! ಎಪ್ಪತ್ತೊಂದರ ಗಣತೀಲಿ ಈ ಮನೇಲಿ ಅವಳ ಹೆಸರಿಲ್ಲ. ಸಿಕ್ಕಿದ್ದು ಬಡವರನ್ನ ತಳ್ಳೋ ಸರ್ಕಾರಿ ಮನೇಲಿ. 'ದಿಕ್ಕಿಲ್ಲದವಳು. ಹಿಂದೆ ಬೆಣ್ಣೆ ಮಾಡುತ್ತಿದ್ದಳು.' ನಲವತ್ನಾಲ್ಕಕ್ಕೆ! ಕೈ ಸೋತಿರ್ಬೇಕು, ಬೆರಳು ಸೊಟ್ಟಗಾಗಿರ್ಬೇಕು, ನಿನ್ನ ಥರಾನೇ. ಆಳಿಗೆ ಕೈ ಸೋತ್ರೆ ಯಜಮಾನ ಕಳಿಸ್ತಾನೆ, ಅಷ್ಟೆ. ಯಾರೂ ಕೇಳೋ ಹಾಗಿಲ್ಲ.

ಬರೋ ಭಾನುವಾರ ಚಾಪೆಲ್ ಹಾಲಿನಲ್ಲಿ ಎಲ್ಲರೂ ಅವರವರ ವಂಶವೃಕ್ಷದ ಪಟ ತೂಗುಹಾಕ್ತಾರಲ್ಲ, ನಾನೂ ಹಾಕ್ತೀನಿ ನೋಡು! ಈನಾಕನ ಫಲಕದ ಎದುರಿಗೇ ಹಾಕ್ತೀನಿ, ಇಷ್ಟು ದಪ್ಪ ಕೆಂಪಕ್ಷರದಲ್ಲಿ. ಊರಿಗೆಲ್ಲ ಗೊತ್ತಾಗ್ಲಿ. ಏನು? ನೀನು ಬರಲ್ವಾ? ಓ... ಶನಿವಾರ ನಿನ್ನ ಸಾಮಾನು ಸಾಗಿಸೋದಲ್ವಾ. ಅದಕ್ಕೇನಂತೆ, ಲೇಬರ್ನ್ ಏನು ದೂರಾನಾ? ರಸೆಲ್ ಗಾಡೀಲಿ ಕರ್ಕೊಂಡು ಬರ್ತಾನೆ. ದೊಡ್ಡಮ್ಮ ಅಂದ್ರೆ ನನ್ನ ಮಗನಿಗೆ ಪ್ರಾಣ. ಅಲ್ಲಿ ನಿನಗೆ ನೋಡಿರೋ ಫ್ಲಾಟು ಚೆನ್ನಾಗಿದೆ ಕಣೇ. ಮೆಟ್ಟಿಲಿಲ್ಲ. ಬಾತ್‌ರೂಮಲ್ಲಿ ಹಿಡ್ಕೊಳ್ಳೋಕೆ ಕಂಬಿ ಇದೆ. ಬೆಳಗ್ಗೆ ಐದಕ್ಕೆ ಎದ್ದು ದನದ ಮುಖ ನೋಡ್ಬೇಕಾಗಿಲ್ಲ. ನೀನೇ ತಾನೇ ಒಪ್ಕೊಂಡಿದ್ದು... ಬೇಡ ಅನ್ಲಿಲ್ಲವಲ್ಲ?

ಏನು? ಯಾಕೆ ಹಾಗೆ ಬರೆದ ಅಂತ ಕೇಳ್ತಿದೀಯಾ? ಈನಾಕನಾ? ಒಳ್ಳೇ ಕೇಳ್ದೆ ಬಿಡು! ಇಷ್ಟೂ ಅರ್ಥ ಆಗಲ್ವಾ ನಿನಗೆ? ಅಕ್ಕ ಅಂತ ಬರೆದ್ರೆ ಮನೆಯವಳಾದ್ಲು. ಮನೆಯವಳಾದ್ರೆ ಜಮೀನಿನ ಒಡೆಯರು, ಆ ಎಸ್ಟೇಟಿನವರು ಕೇಳ್ತಾರೆ, ಎಷ್ಟು ವರ್ಷದಿಂದ ಇಲ್ಲಿ ದುಡೀತಿದಾಳೆ, ಅವಳ ಸಹಿ ಎಲ್ಲಿ ಅಂತ. ಮನೆಯವರಾಗಿ ಕೊಟ್ಟಿಗೇಲಿ ದುಡಿದವರಿಗೇ ಗೇಣಿಯ ಮೊದಲ ಹಕ್ಕು, ಅವರು ಇರೋವರೆಗೂ ಮನೆಯಿಂದ ಏಳಿಸೋ ಹಾಗಿಲ್ಲ. ಮತ್ತೆ ಮಗನ ಹೆಸರಿಗೆ ಹೇಗೆ ಬರುತ್ತೆ ಗೇಣಿ? ಮಗ ಊರಿಗೆ ಬಂದು ಎರಡೇ ವರ್ಷ ಆಗಿದ್ರೆ...

ಏನು ಹಾಗೆ ನೋಡ್ತೀಯ?

ಏನಂದೆ ನಾನು? ಮಗ ಅಂದ್ನಾ? ಮಗಳು... ಹೂಂ, ಮೂರೂ ಹೆಣ್ಣು, ಸರಿ. ಈನಾಕನ ಮಗ ಹುಟ್ಟಿದ್ದೇ ಅರವತ್ತೈದರಲ್ಲಿ. ಬಾಯಿ ತಪ್ಪಿ ಬಂತು. ಬಾಯಿ ತಪ್ಪೋದೇ ಇಲ್ವಾ ಮನುಷ್ಯರಿಗೆ? ಅದಕ್ಕೆ ಹಾಗೆ ದುರುಗುಟ್ಟಿ ನೋಡ್ಬೇಕಾ? ಹೆಗಲು ಮುಟ್ಟಿ ನೋಡ್ಕೊಳ್ಳೋಕೆ ನಾನೇನು ಕುಂಬಳಕಾಯಿ ಕದ್ದಿದೀನಾ?

ಮಾತಾಡು. ಮಾತಾಡೇ! ಬೈಯೋದಿದ್ರೆ ಬೈ. ಹುಟ್ಟಿದಾಗಿಂದ ಇದೇ ಆಯ್ತು ನಿಂದು. ಅಪ್ಪ ಗೇಣಿ ನನ್ನ ಗಂಡನ ಹೆಸರಿಗೆ ಬರೆಸಿದಾಗ್ಲೂ ಹೀಗೇ ಕೂತಿದ್ದೆ. ಮನೇಲೊಂದು ಗಂಡಸು ಇರ್ಬೇಕು ಅಂದ್ರು ಅವರು, ನಾನಲ್ಲ! ಅವತ್ತೇ ಒಂದು ಮಾತು, 'ನಲವತ್ತು ಹಸು ಕರೆಯೋಳು ನಾನು' ಅಂತ ಒಂದೇ ಒಂದು ಮಾತು ಆಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಆಡ್ಲಿಲ್ಲ. ಈಗ ನನ್ನ ಮೇಲೆ ಕಣ್ಣು ಬಿಡ್ತೀಯಾ!

ನನ್ನ ಗಂಡ ತೀರ್ಕೊಂಡ್ರು, ಗೇಣಿ ಈಗ ರಸೆಲ್ ಹೆಸರಿಗೆ ಬರ್ಬೇಕು. ಅವನಿಗೆ ಮೂವತ್ಮೂರು ವರ್ಷ ಅಕ್ಕ. ಟ್ರ್ಯಾಕ್ಟರ್ ಅಂಗಡಿ ಕೆಲಸ ಬಿಟ್ಟು ಬಂದಿದಾನೆ. ಹೆಂಡ್ತಿ ಬಸುರಿ. ಎಲ್ಲಿಗೆ ಹೋಗ್ತಾನೆ ಅವನು? ಹಳೇ ದಣಿ ಇದ್ದಿದ್ರೆ ಎದುರಿಗೆ ಹೋಗಿ ಕೇಳ್ಬಹುದಿತ್ತು. ಆಫೀಸು ಈಗ ಲಂಡನ್ನಲ್ಲಿದೆ. ಅವರಿಗೆ ನೀನು ಯಾರು, ನಾನು ಯಾರು? ಒಂದು ಕಾಗದ ಕಳಿಸ್ತಾರೆ, ಮನೇಲಿ ಯಾರ್ಯಾರಿದಾರೆ ತುಂಬಿ ಅಂತ. ನಾನು ಮೆಟ್‌ಕಾಫ್, ನೀನು ಲೇಜನ್‌ಬಿ. ಹೆಸರಲ್ಲಿ ಏನೂ ಗೊತ್ತಾಗಲ್ಲ...

ಹೂಂ. ಬರೆದೆ.

ನಿನ್ನನ್ನ ಬಾಡಿಗೆಗೆ ಇರೋಳು ಅಂತ ಬರೆದೆ. ಸರೀನಾ? ಕೇಳಿಸ್ಕೊಂಡ್ಯಾ? ಅದಕ್ಕೂ ಮುಂಚೆ, ಮುಂದೆ ಈ ಕಾಗದ ಬರುತ್ತೆ ಅಂತ ಗೊತ್ತಿದ್ದೇ, ಎರಡು ಸಾವಿರದ ಇಪ್ಪತ್ತೊಂದರ ಜನಗಣತೀಲೂ ಹಾಗೇ ಮಾಡ್ದೆ. ಎರಡೂ ತಾಳೆ ಆಗ್ಬೇಕಲ್ಲ, ಅವರೂ ಇವರೂ ಒಬ್ಬರನ್ನೊಬ್ಬರು ಕೇಳಿದ್ರೆ ಅಂತ ಹೆದರಿಕೆ ನನಗೆ. ಯಾರೂ ಕೇಳಲ್ವಂತೆ! ಸರ್ಕಾರ ಅದನ್ನ ಯಾರಿಗೂ ತೋರಿಸಲ್ವಂತೆ, ಆಮೇಲೆ ಗೊತ್ತಾಯ್ತು. ಹುಡುಕಿ ಹುಡುಕಿ ಗಣತಿ ಓದೋಳು ನಾನು, ನನಗೇ ಗೊತ್ತಿರ್ಲಿಲ್ಲ ನೋಡು. ಆ ರಾತ್ರಿ ಕಂಪ್ಯೂಟರ್ ಕೇಳ್ತು, ಈ ವ್ಯಕ್ತಿ ನಿಮಗೆ ಏನಾಗ್ಬೇಕು ಅಂತ. ಒಂದು ಪಟ್ಟಿ ಬಂತು. ಗಂಡ, ಮಗ, ಅಕ್ಕ-ತಂಗಿ... ಅಕ್ಕ-ತಂಗಿ ಅನ್ನೋದು ಮೇಲೇ ಇತ್ತು ಕಣೇ. ನಾನು ಕೆಳಗೆ ಹೋದೆ. ಕೊನೇಲಿತ್ತು, 'ಸಂಬಂಧವಿಲ್ಲ' ಅಂತ. ಒತ್ತಿದೆ.

ನೀನು ಆಗ ಕೊಟ್ಟಿಗೇಲಿದ್ದೆ. ಆ ಕೆಂಪು ಹಸು ಕರು ಹಾಕ್ತಿತ್ತು.

ಅಳಿಸೋಕಾಗಲ್ಲ ಅಕ್ಕ, ಕೇಳ್ದೆ ನಾನು. ನೂರು ವರ್ಷ ಬೀಗ ಹಾಕಿ ಇಡ್ತಾರೆ, ಆಮೇಲೆ ತೆಗೀತಾರೆ. ರಸೆಲ್‌ನ ಮೊಮ್ಮಗಳ ಮಗಳು ಯಾರೋ ಒಬ್ಬಳು ಕೂತು ಓದ್ತಾಳೆ. ಮ್ಯೂರಿಯಲ್ ಮೆಟ್‌ಕಾಫ್. ಕೆಳಗೆ ಏವ್ರಿಲ್ ಲೇಜನ್‌ಬಿ, ಸಂಬಂಧವಿಲ್ಲ. ಬಾಯಿಗೆ ಮಣ್ಣು ಹಾಕ ಅಂತ ನನಗೆ ಶಾಪ ಹಾಕ್ತಾಳೆ. ಹಾಕ್ಲಿ, ನ್ಯಾಯಾನೇ. ಅಥವಾ ನನ್ನ ಥರಾನೇ ಪುಟ ತಿರುಗಿಸಿಬಿಡ್ತಾಳೋ ಏನೋ... ಯಾರೋ ಬಾಡಿಗೆಯವಳು ಅಂತ.

ಎಲ್ಲಿಗೆ ಎದ್ದೆ? ಕೆಟಲ್ ಯಾಕೆ ಇಡ್ತಿದೀಯ, ನಾನು ಇಡ್ತೀನಿ ಬಿಡು. ಬಿಡೇ... ಸಕ್ಕರೆ ಬೇಡ. ಸಾಕು. ನಿನಗೆಲ್ಲಿ? ಒಂದೇ ಕಪ್ಪು ಹಾಕಿದೀಯಲ್ಲ, ನಿಂದೆಲ್ಲಿ?

ಅಕ್ಕ... ಕೂತ್ಕೊ. ಯಾಕೆ ಅಲ್ಲೇ ನಿಂತ್ಕೊಂಡೆ, ಕೈ ಒರೆಸ್ಕೊಂಡು? ಆ ಕುರ್ಚಿ ನಿಂದು, ಅರವತ್ತಾರು ವರ್ಷದಿಂದ ನಿಂದು. ಹಾಗೆ ತಲೆ ತಗ್ಗಿಸಿ ಬಾಗಿಲ ಹತ್ರ ನಿಲ್ಬೇಡ್ವೇ, ಕೈ ಮುಗೀತೀನಿ. ಕೂತ್ಕೊಳ್ಳೇ ಅಕ್ಕ. ಕೂತ್ಕೊ.