ಕೊನೆಯ ಹತ್ತು ನಿಮಿಷ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಟೀ ಯಾವಾಗ ಎಂದು ಆಗಲೇ ಗಡಿಯಾರ ನೋಡುತ್ತಿರುವ ಸಭಿಕರೇ,

ನಮ್ಮ ಗಣಿತ ವಿಭಾಗದ ಮೊದಲ ಮಹಿಳಾ ಪ್ರಾಧ್ಯಾಪಕಿಯ ಹೆಸರನ್ನು ಈ ಸಭಾಂಗಣಕ್ಕೆ ಇಡುತ್ತಿರುವ ದಿನ ಇದು. ಬಾಗಿಲ ಮೇಲೆ ಪೂರ್ತಿ ಹೆಸರು ಬರೆಸಿದ್ದೇವೆ. ನಮಗೆ ಮಾತ್ರ ಅವರು ಬರೀ ಮೇಡಂ. ಬೆನ್ನ ಹಿಂದೆ, ಟೀ ಮೇಡಂ. ಅವರ ಕುರ್ಚಿ ಖಾಲಿ ಇದೆ. ನಾನೇ ಅವರ ಮನೆಗೆ ಕರೆಯಲು ಹೋಗಿದ್ದೆ. "ನಾನು ಬಂದು ಕೂತ್ರೆ ಟೀ ಯಾರಮ್ಮ ಮಾಡ್ತಾರೆ?" ಎಂದು ನಕ್ಕರು. ನಾನೂ ನಕ್ಕೆ. ಮೆಟ್ಟಿಲು ಇಳಿಯುವಷ್ಟರಲ್ಲಿ ನಗು ನಿಂತಿತ್ತು.

ಪ್ರತಿ ಶುಕ್ರವಾರ ಇಲ್ಲಿ ಒಂದು ಉಪನ್ಯಾಸ. ಐವತ್ತು ನಿಮಿಷ ಮಾತು, ಹತ್ತು ನಿಮಿಷ ಪ್ರಶ್ನೆ, ಆಮೇಲೆ ಟೀ. ಮೇಡಂ ಕೆಲಸಕ್ಕೆ ಸೇರಿದ ವಾರವೇ ಆಗಿನ ಮುಖ್ಯಸ್ಥರು, "ನೀವೊಬ್ರೇ ಹೆಂಗಸ್ರು, ನಿಮ್ಮ ಕೈರುಚಿ ನೋಡೋಣ" ಅಂದರಂತೆ. ಒಂದು ದಿನದ ತಮಾಷೆ ಇಪ್ಪತ್ತೆರಡು ವರ್ಷದ ಪದ್ಧತಿಯಾಯಿತು. ನೀರು ಕುದಿಯಲು ಹತ್ತು ನಿಮಿಷ ಬೇಕು. ಹಾಗಾಗಿ ಉಳಿದವರು ಪ್ರಶ್ನೆ ಕೇಳಲು ಕೈ ಎತ್ತುವ ಹೊತ್ತಿಗೆ ಮೇಡಂ ಎದ್ದು ಪಕ್ಕದ ಕೋಣೆಗೆ ಹೋಗುತ್ತಿದ್ದರು. ಅಷ್ಟೂ ವರ್ಷಗಳಲ್ಲಿ ಅವರು ಇಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಲು ಏನೂ ಇರಲಿಲ್ಲವೇ? ನಾವು ಹಾಗೆಯೇ ಅಂದುಕೊಂಡೆವು. ಮೃದು ಸ್ವಭಾವ ಅಂದೆವು.

ನಾನು ಸಂಶೋಧನೆಗೆ ಸೇರಿದ ಮೊದಲ ಶುಕ್ರವಾರ ಅವರ ಹಿಂದೆಯೇ ಎದ್ದೆ. ಮೇಡಂ ಭುಜ ಒತ್ತಿ ಕೂರಿಸಿದರು. "ನೀನು ಏಳ್ಬೇಡ. ಕೂತು ಪ್ರಶ್ನೆ ಕೇಳು." ಕೂತೆ. ಕೇಳಿದೆ. ಹೆಸರು ಬಂತು, ಪದವಿ ಬಂತು, ಈಗ ಮುಖ್ಯಸ್ಥೆಯ ಕುರ್ಚಿಯೂ ಬಂದಿದೆ.

ಎರಡು ವರ್ಷದ ಹಿಂದೆ, ನಿವೃತ್ತರಾಗುವಾಗ, ಮೇಡಂ ನನಗೊಂದು ನೋಟ್‌ಬುಕ್ ಕೊಟ್ಟರು. ಪುಟಪುಟಕ್ಕೂ ಒಂದು ಶುಕ್ರವಾರದ ತಾರೀಖು, ಅದರ ಕೆಳಗೆ ಅವತ್ತು ಕೇಳದೇ ಉಳಿದ ಪ್ರಶ್ನೆ. ಅಲ್ಲಲ್ಲಿ ಟೀ ಕಲೆ. ಒಂದು ಪುಟದಲ್ಲಿ ಆ ಮುಖ್ಯಸ್ಥರಿಗೆ ಕೀರ್ತಿ ತಂದ ಪ್ರಮೇಯವಿತ್ತು. ಕೆಳಗೆ ಒಂದೇ ಸಾಲು: 'ಮೂರನೇ ಹಂತದಲ್ಲಿ ಯಾವುದರಿಂದ ಭಾಗಿಸಿದರೋ ಅದು ಸೊನ್ನೆಯಾದರೆ?'

ಒಂದು ವಾರ ಲೆಕ್ಕ ಮಾಡಿ ನೋಡಿದೆ. ಸೊನ್ನೆಯಾಗುತ್ತದೆ. ಆ ಪ್ರಮೇಯ ನಿಲ್ಲುವುದಿಲ್ಲ. ಅದನ್ನೇ ನಂಬಿ ಬರೆದ ನನ್ನ ಪ್ರಬಂಧವೂ ನಿಲ್ಲುವುದಿಲ್ಲ.

"ಅವತ್ತೇ ಯಾಕೆ ಕೇಳ್ಲಿಲ್ಲ ಮೇಡಂ?"

"ಟ್ರೇ ಹಿಡ್ಕೊಂಡೇ ಬಾಯಿ ತೆಗೆದೆ ಕಣಮ್ಮ. ಸಕ್ಕರೆ ಕಮ್ಮಿ ಅಂದ್ರು."

"ನಂಗಾದ್ರೂ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನಿಂಗೆ ಕೆಲಸ ಸಿಗ್ತಿರ್ಲಿಲ್ಲ. ಒಬ್ಬಳಾದ್ರೂ ಅಲ್ಲಿ ಕೂತಿರ್ಲಿ ಅಂದ್ಕೊಂಡೆ."

ಈ ಎರಡು ವರ್ಷ ನಾನು ಯಾರಿಗೂ ಹೇಳಲಿಲ್ಲ. ಅವರನ್ನು ಟ್ರೇ ತಡೆದಿತ್ತು. ನನ್ನನ್ನು ತಡೆದದ್ದು ಏನು? ನನ್ನ ಕೈಯಲ್ಲಿ ಏನೂ ಇರಲಿಲ್ಲ. ಇವತ್ತು ಹೇಳಬೇಕೆಂದೂ ಬಂದವಳಲ್ಲ. ಈ ಹಾಳೆಯಲ್ಲಿ ನಾನು ಬರೆದುಕೊಂಡು ಬಂದದ್ದು 'ಸ್ಫೂರ್ತಿಯ ಚಿಲುಮೆ' ಎಂದು.

ಕಳೆದ ತಿಂಗಳು ನಮ್ಮಲ್ಲಿಗೆ ಸೇರಿದ ಉಪನ್ಯಾಸಕಿ, ಈ ವಿಭಾಗದ ಮೂರನೇ ಹೆಂಗಸು, ಈಗ ತಾನೇ ಹಿಂದಿನ ಸಾಲಿನಿಂದ ಎದ್ದು ಪಕ್ಕದ ಕೋಣೆಗೆ ಹೋದರು. ಇಲ್ಲಿಂದ ನೋಡಿದೆ. ಕರೆಯಬಹುದಿತ್ತು, ಮೈಕು ನನ್ನ ಮುಂದೆಯೇ ಇದೆ. ಮಾತು ಮುಂದುವರಿಸಿದೆ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞಳಾಗಿದ್ದೇನೆ. ಪ್ರಶ್ನೆಗಳಿದ್ದರೆ ಹತ್ತು ನಿಮಿಷ ಇದೆ. ಆಮೇಲೆ ಟೀ. ಅದರಲ್ಲಿ ಮಾತ್ರ ಈ ವಿಭಾಗ ಯಾವತ್ತೂ ತಪ್ಪಿಲ್ಲ.

ನಮಸ್ಕಾರ.