ಬಾಯಿಗೆ ಬೀಗ

ಬಸ್ ಸ್ಟಾಪಿನ ಬೆಂಚಿನಲ್ಲಿ ನನ್ನ ಪಕ್ಕ ಅತ್ತೆ ಸೊಸೆ ಕುಳಿತಿದ್ದರು. ಸೊಸೆ ಆಗಷ್ಟೇ ಮಗಳ ಶಾಲೆಯಿಂದ ಬಂದಿದ್ದಳು.

“ಏನಂದ್ರು ಟೀಚರ್?”

“ಅಜ್ಜಿ ಮನೆಭಾಷೇಲಿ ಕಥೆ ಹೇಳಲ್ವಾ ಅಂತ ಕೇಳಿದ್ರು.”

“ಅಯ್ಯೋ, ಮನೆಭಾಷೆ ಕಿವಿಗೆ ಬಿದ್ರೆ ಮಕ್ಕಳು ಓದಲ್ಲಿ ಹಿಂದೆ ಬೀಳ್ತಾವೆ ಅಂತ ದೊಡ್ಡವನ ಟೀಚರ್ ಅಂದಿದ್ರಲ್ಲ! ಶಾಲೆ ಭಾಷೆ ನಂಗೆಲ್ಲಿ ಬರುತ್ತೆ? ಅದಕ್ಕೇ ಚಿಕ್ಕವಳು ಹುಟ್ಟಿದಾಗಿಂದ ಅವಳ ಮುಂದೆ ಬಾಯಿಗೆ ಬೀಗ ಹಾಕ್ಕೊಂಡಿದೀನಿ.”

“ಅದೇ ಎಡವಟ್ಟಾಗಿರೋದು, ಅತ್ತೆ. ನಿಮ್ಮ ಮೊಮ್ಮಗಳು ‘ನಮ್ಮಜ್ಜಿ ಮೂಗಿ’ ಅಂತ ಟೀಚರ್‌ಗೆ ಹೇಳಿದಾಳಂತೆ.”

ಅಜ್ಜಿ ದಡಕ್ಕನೆ ಎದ್ದು ನಿಂತರು. ಅಷ್ಟರಲ್ಲಿ ಬಸ್ ಬಂತು.

“ನಡಿ ಮನೆಗೆ. ನಮ್ಮ ಭಾಷೇಲೇ ಚೆನ್ನಾಗಿ ಬಯ್ತೀನಿ ಅವಳಿಗೆ.”

“ಅವಳಿಗೆ ಅರ್ಥ ಆಗಲ್ಲ, ಅತ್ತೆ.”

ಅಜ್ಜಿ ಬಸ್ಸಿನ ಮೆಟ್ಟಿಲೇರುತ್ತಾ ತಿರುಗಿದರು.

“ಬೈಗುಳ ಯಾರಿಗಾದ್ರೂ ಅರ್ಥ ಆಗುತ್ತೆ ಬಿಡು. ಅಲ್ಲಿಂದ ಶುರು ಮಾಡ್ತೀನಿ. ಕಥೆ ಆಮೇಲೆ.”